ಜಲ್ಲಿ ಗುಂಡಿಯಲ್ಲಿ ಸಿಕ್ಕ ಕಲ್ಲು

ಚೆನ್ನೈ ವಿಮಾನ ನಿಲ್ದಾಣದ ಹತ್ತಿರ ಪಲ್ಲಾವರಂ ಅಂತ ಒಂದು ಜಾಗ ಇದೆ. 1863ರ ಮೇ 30ರಂದು ಅಲ್ಲಿನ ಪರೇಡ್ ಮೈದಾನದ ಪಕ್ಕದ ಜಲ್ಲಿ ಗುಂಡಿಯಿಂದ 28 ವರ್ಷದ ಭೂವಿಜ್ಞಾನಿಯೊಬ್ಬರು ಒಂದು ಕಲ್ಲು ಎತ್ತಿಕೊಂಡರು. ಭಾರತದ ಚರಿತ್ರೆ ಲಕ್ಷಾಂತರ ವರ್ಷ ಹಿಂದಕ್ಕೆ ಹೋಗಿದ್ದು ಆ ಕಲ್ಲಿನಿಂದ. ಅವರೇ ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿ ಮದ್ರಾಸಿಗೆ ಬಂದರು. ಆಗ ಯುರೋಪಿನಲ್ಲಿ ಆದಿಮಾನವರ ಕಲ್ಲಿನ ಆಯುಧಗಳದ್ದೇ ಮಾತು. ಅಲ್ಲಿ ಸಿಕ್ಕವು ಹೆಚ್ಚಾಗಿ ಫ್ಲಿಂಟ್‌ನವು. ಫ್ಲಿಂಟ್ ಅಂದ್ರೆ ಚರ್ಟ್ ಕಲ್ಲಿನ ಒಂದು ಬಗೆ, ನಮ್ಮ ಚಕಮಕಿ ಕಲ್ಲು. ಅದರ ಹರಳುಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಹಾಗಾಗಿ ಹೊಡೆದರೆ ದಪ್ಪ ಗಾಜು ಒಡೆದ ಹಾಗೆ ಚಿಪ್ಪಿನಾಕಾರದ ಚಕ್ಕೆ ಏಳುತ್ತೆ, ಅಂಚು ಬ್ಲೇಡಿನ ಥರ ಹರಿತವಾಗಿರುತ್ತೆ.

ಆದರೆ ಫೂಟ್ ಕೈಯಲ್ಲಿದ್ದದ್ದು ಫ್ಲಿಂಟ್ ಅಲ್ಲ, ಕ್ವಾರ್ಟ್ಜೈಟ್. ಕಲ್ಲಿನ ಜಾತಿ ಮಾತ್ರ ನೋಡಿದ್ದರೆ ಎಸೆದು ಮುಂದೆ ಹೋಗ್ತಿದ್ದರು. ಅವರು ನೋಡಿದ್ದು ಏಟಿನ ಗುರುತನ್ನ. ಯಾರೋ ಬೇಕಂತಲೇ ಚಕ್ಕೆ ಎಬ್ಬಿಸಿ ಅಂಚು ತೆಗೆದಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂಗೆ ಹೋದಾಗ ಅಲ್ಲೂ ಅಂಥವೇ ಸಿಕ್ಕವು. ಅಲ್ಲಿನ ಅತಿ ಹಳೆಯ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಅಂತ 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ.

ಮುಂದೆ ಸರ್ವೇ ಕೆಲಸ ಫೂಟ್ ಅವರನ್ನ ನಮ್ಮ ಕಡೆಗೂ ಕರೆತಂತು. ಮಲಪ್ರಭಾ ಕಣಿವೆಯಲ್ಲಿ ಹಳೆ ಶಿಲಾಯುಗದ ಕ್ವಾರ್ಟ್ಜೈಟ್ ಆಯುಧಗಳು ಸಿಕ್ಕವು. ಬಳ್ಳಾರಿಯ ಕಪ್ಪಗಲ್ಲು ಬೆಟ್ಟದಲ್ಲಿ ಕಪ್ಪು ಡಾಲರೈಟ್‌ನಿಂದ ಕೊಡಲಿ ಮಾಡ್ತಿದ್ದ ಜಾಗವೇ ಸಿಕ್ಕಿತು, ಅದು ನವಶಿಲಾಯುಗದ್ದು. ರಾಯಚೂರು ಸೀಮೆಯ ಮಸ್ಕಿಯಲ್ಲಿ ಚರ್ಟ್ ಚಕ್ಕೆಗಳು. ಕಾಲ ಬದಲಾದಂತೆ ಜನ ಆರಿಸಿಕೊಳ್ಳೋ ಕಲ್ಲೂ ಬದಲಾಗಿದೆ ಅನ್ನೋದು ಅವರಿಗೆ ಹೊಳೆಯಿತು. ಉಜ್ಜಿ ನಯ ಮಾಡೋ ಕೊಡಲಿಗೆ ಗಟ್ಟಿ ಡಾಲರೈಟ್, ಸಣ್ಣ ಅಲಗಿಗೆ ಚರ್ಟ್. ನಾವು ಸೆಮಿಸ್ಟರ್ ಪೂರ್ತಿ ಓದೋ ಮೆಟೀರಿಯಲ್ ಸೆಲೆಕ್ಷನ್ ಅವರಿಗೆ ಆಗಲೇ ಗೊತ್ತಿತ್ತು!

ಕರ್ನಾಟಕದ ಹಳೆಯ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟವರೂ ಫೂಟ್. 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಗೆ ಅವರೇ ಮೊದಲ ಮುಖ್ಯಸ್ಥರು. ನಲವತ್ತು ವರ್ಷ ಕೂಡಿಟ್ಟ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡುಕೊಂಡಿತು. 1912ರಲ್ಲಿ ಫೂಟ್ ತೀರಿಕೊಂಡಾಗ ಅದರ ಕ್ಯಾಟಲಾಗ್ ಇನ್ನೂ ಅಚ್ಚಾಗಿರಲಿಲ್ಲ. ಅದು ಹೊರಬಂದಿದ್ದು 1914ರಲ್ಲಿ. ಯಾವ ಕಲ್ಲು ಯಾವ ಊರಲ್ಲಿ ಸಿಕ್ಕಿತು ಅಂತ ಅವರು ಬರೆದಿಟ್ಟಿದ್ದರಿಂದಲೇ ನಂತರದವರು ಅದೇ ಜಾಗಗಳಿಗೆ ಮತ್ತೆ ಹೋಗಿ ಅಗೆಯೋಕೆ ಆಯಿತು.