ಘಾಟಿಯಲ್ಲಿ ಇಂಜಿನ್ ಆಫ್ ಮಾಡಿದರೆ ಡೀಸೆಲ್ ಉಳಿಯುತ್ತಾ? ಗೇಜ್ ಕಂಡುಹಿಡಿದ ಯೂಜೀನ್ ಬೋರ್ಡನ್ ಕಥೆ ಓದಿ

ಕಡೂರಿನ ಪಂಕ್ಚರ್ ಅಂಗಡಿಯ ಗಾಳಿ ಟ್ಯಾಂಕ್, ಅಜ್ಜಂಪುರದ ಹೊಲದಲ್ಲಿ ಬೋರ್‌ವೆಲ್ ಕೊರೆಯುವ ಲಾರಿ, ತರೀಕೆರೆಯ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪು. ಇವುಗಳಲ್ಲೆಲ್ಲ ದುಂಡನೆಯ ಒಂದು ಗೇಜ್, ಅದರೊಳಗೆ ಒಂದು ಮುಳ್ಳು ಕಾಣುತ್ತದೆ. ಆ ಮುಳ್ಳನ್ನು ತಿರುಗಿಸುವ ಉಪಾಯಕ್ಕೆ 175 ವರ್ಷ ದಾಟಿದೆ. ಅದನ್ನು ಕೊಟ್ಟವರು ಫ್ರಾನ್ಸಿನ ಯೂಜೀನ್ ಬೋರ್ಡನ್.

ಬೋರ್ಡನ್ ಹುಟ್ಟಿದ್ದು 1808ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆಯದು ರೇಷ್ಮೆ ವ್ಯಾಪಾರ. ಮಗನೂ ಅದೇ ವ್ಯಾಪಾರ ಮಾಡಲಿ ಎಂದು ಜರ್ಮನ್ ಭಾಷೆ ಕಲಿಯಲು ನ್ಯೂರೆಂಬರ್ಗ್‌ಗೆ ಕಳಿಸಿದರು. ಆದರೆ ಹುಡುಗನ ಮನಸ್ಸು ಯಂತ್ರಗಳ ಮೇಲೆ. ತಂದೆ ತೀರಿಕೊಂಡ ಮೇಲೆ ರೇಷ್ಮೆ ಬಿಟ್ಟು, ಸ್ವಂತ ವರ್ಕ್‌ಶಾಪ್ ತೆರೆದರು. ಉಗಿ ಯಂತ್ರ ಹೇಗೆ ಓಡುತ್ತದೆ ಎಂದು ಜನರಿಗೆ ಕಣ್ಣಾರೆ ತೋರಿಸಲು ಗಾಜಿನ ಸಿಲಿಂಡರ್ ಇರುವ ಪುಟ್ಟ ಮಾದರಿ ಮಾಡಿದರು. ಇಂಥ ಚಿಕ್ಕ ಯಂತ್ರಗಳನ್ನು ನೂರಾರು ಸಂಖ್ಯೆಯಲ್ಲಿ ತಯಾರಿಸಿದರು.

ಆ ಕಾಲದಲ್ಲಿ ಉಗಿ ಬಾಯ್ಲರ್ ಸಿಡಿದು ಜನ ಸಾಯುತ್ತಿದ್ದರು. ಒಳಗಿನ ಒತ್ತಡ ಅಳೆಯಲು ಪಾದರಸದ ಕೊಳವೆ ಇತ್ತು. ಆದರೆ ವಾತಾವರಣದ ಒಂದು ಪಟ್ಟು ಒತ್ತಡಕ್ಕೆ ಪಾದರಸ 76 ಸೆಂಟಿಮೀಟರ್ ಏರಬೇಕು. ಆರು ಪಟ್ಟಿಗೆ ನಾಲ್ಕೂವರೆ ಮೀಟರ್ ಉದ್ದದ ಕೊಳವೆ ಬೇಕು! ಕುಲುಕುತ್ತಾ ಓಡುವ ರೈಲು ಇಂಜಿನ್ನಿನ ಮೇಲೆ ಅದನ್ನು ನಿಲ್ಲಿಸುವುದು ಹೇಗೆ?

ಉತ್ತರ ಒಂದು ರಿಪೇರಿ ಕೆಲಸದಲ್ಲಿ ಸಿಕ್ಕಿತು. ಸುರುಳಿ ಸುತ್ತಿದ್ದ ಲೋಹದ ಕೊಳವೆಯೊಂದು ಚಪ್ಪಟೆಯಾಗಿತ್ತು. ಅದನ್ನು ಮತ್ತೆ ದುಂಡಗೆ ಮಾಡಲು, ಒಂದು ತುದಿ ಮುಚ್ಚಿ ಒಳಗೆ ಒತ್ತಡದಿಂದ ನೀರು ನುಗ್ಗಿಸಿದರು. ಕೊಳವೆ ದುಂಡಗಾಗುತ್ತಾ ಹೋದಂತೆ ಸುರುಳಿಯೂ ಬಿಚ್ಚಿಕೊಂಡಿತು. ಅಂದರೆ ಒತ್ತಡ ಹೆಚ್ಚಿದಷ್ಟೂ ಬಾಗಿದ ಕೊಳವೆ ನೆಟ್ಟಗಾಗಲು ನೋಡುತ್ತದೆ. ಅದರ ತುದಿಗೆ ಒಂದು ಕಡ್ಡಿ, ಕಡ್ಡಿಗೆ ಹಲ್ಲಿನ ಚಕ್ರ, ಚಕ್ರಕ್ಕೆ ಮುಳ್ಳು ಜೋಡಿಸಿದರೆ ಗೇಜ್ ಸಿದ್ಧ. 1849ರಲ್ಲಿ ಬೋರ್ಡನ್ ಇದಕ್ಕೆ ಪೇಟೆಂಟ್ ಪಡೆದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕವೂ ಬಂತು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ದ್ರವವಿಲ್ಲದ ವಾಯುಭಾರ ಮಾಪಕ ಮಾಡಿದ್ದ ಲೂಸಿಯನ್ ವಿಡಿ, ಇದು ನನ್ನ ಪೇಟೆಂಟಿನ ವ್ಯಾಪ್ತಿಗೆ ಬರುತ್ತದೆ ಎಂದು ಕೋರ್ಟಿಗೆ ಹೋದರು. ವರ್ಷಗಟ್ಟಲೆ ನಡೆದ ಕೇಸಿನಲ್ಲಿ ವಿಡಿ ಗೆದ್ದರು. ಬೋರ್ಡನ್ ಪರಿಹಾರ ಕೊಡಬೇಕಾಯಿತು. ಆದರೂ ಗೇಜ್ ಉಳಿಯಿತು, ಹೆಸರೂ ಉಳಿಯಿತು. ಇಂದಿಗೂ ಐಟಿಐ ಹುಡುಗರು ಕಲಿಯುವುದು ಬೋರ್ಡನ್ ಟ್ಯೂಬ್ ಎಂದೇ.

ಕೊನೆಯವರೆಗೂ ಅವರು ಕೆಲಸ ಬಿಡಲಿಲ್ಲ. 1884ರಲ್ಲಿ ಗಾಳಿಯ ವೇಗ ಅಳೆಯುವ ಸಾಧನವೊಂದನ್ನು ಪರೀಕ್ಷಿಸುವಾಗ ಬಿದ್ದು ತೀರಿಕೊಂಡರು. ಆಗ ಅವರಿಗೆ 76 ವರ್ಷ.

ಈಗ ನಮ್ಮ ರಸ್ತೆಗೆ ಬರೋಣ. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಅಥವಾ ನ್ಯೂಟ್ರಲ್‌ಗೆ ಹಾಕಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿ ಕಡೆಗೆ ಇಳಿಯುವಂಥ ರಸ್ತೆಯಲ್ಲಿ ಇದನ್ನು ನಂಬಿದರೆ ಪ್ರಾಣಕ್ಕೇ ಕುತ್ತು.

ಲಾರಿ, ಬಸ್ಸುಗಳ ಏರ್ ಬ್ರೇಕ್ ನಿಂತಿರುವುದು ಟ್ಯಾಂಕಿನ ಗಾಳಿಯ ಮೇಲೆ. ಆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಇಂಜಿನ್ನಿನಿಂದ. ಇಂಜಿನ್ ನಿಂತರೆ ಹೊಸ ಗಾಳಿ ಬರುವುದಿಲ್ಲ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಇದ್ದ ಗಾಳಿ ಖರ್ಚಾಗಿ ಮುಳ್ಳು ಕೆಳಗಿಳಿಯುತ್ತದೆ. ಪವರ್ ಸ್ಟೀರಿಂಗ್ ಕೂಡ ಬಿಗಿಯಾಗುತ್ತದೆ. ನ್ಯೂಟ್ರಲ್‌ನಲ್ಲಿ ಕಂಪ್ರೆಸರ್ ಓಡುತ್ತದೆ, ನಿಜ. ಆದರೆ ಗೇರಿನ ಹಿಡಿತ ಇಲ್ಲದ್ದರಿಂದ ಭಾರವೆಲ್ಲ ಬ್ರೇಕಿನ ಮೇಲೇ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳಬಹುದು. ಇನ್ನು ಉಳಿತಾಯದ ಮಾತು: ಈಗಿನ ಡೀಸೆಲ್ ಇಂಜಿನ್‌ಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರೈಕೆ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಇಂಜಿನ್ ಓಡುತ್ತಿರಲು ಡೀಸೆಲ್ ಬೇಕೇ ಬೇಕು.

ಇನ್ನೊಂದು ವಿಷಯ. ಗೇಜ್ ಸೊನ್ನೆ ತೋರಿಸಿದರೆ ಟ್ಯಾಂಕಿನಲ್ಲಿ ಗಾಳಿಯೇ ಇಲ್ಲ ಎಂದಲ್ಲ. ಒಳಗಿನ ಒತ್ತಡ ಹೊರಗಿನಷ್ಟೇ ಇದೆ ಎಂದರ್ಥ. ಬ್ರೇಕ್ ಹಿಡಿಯಲು ಅದು ಯಾವ ಕೆಲಸಕ್ಕೂ ಬಾರದು.

ಹೊಸ ಗಾಡಿಗಳಲ್ಲಿ ಮುಳ್ಳಿನ ಜಾಗಕ್ಕೆ ಸೆನ್ಸರ್, ಪರದೆ ಬಂದಿವೆ. ಆದರೆ ಅವು ಹೇಳುವ ಸಂಗತಿ ಅದೇ. ಆದ್ದರಿಂದ ಗಾಳಿ ತುಂಬಿ ಎಚ್ಚರಿಕೆ ದೀಪ ಆರುವವರೆಗೆ ಗಾಡಿ ಹೊರಡಿಸಬೇಡಿ. ಇಳಿಜಾರು ಶುರುವಾಗುವ ಮೊದಲೇ ಕಡಿಮೆ ಗೇರಿಗೆ ಬನ್ನಿ. ಕೆಟ್ಟ ಗೇಜನ್ನು ಇವತ್ತೇ ಸರಿಮಾಡಿಸಿ. ಮನೆಯಲ್ಲಿ ಲಾರಿ, ಟಿಪ್ಪರ್ ಓಡಿಸುವವರಿದ್ದರೆ ಇದನ್ನು ಅವರಿಗೂ ಕಳಿಸಿ.