ಬಿಲ್ಲೆ ಅಣುಗಳ ಗುಟ್ಟು ಕಂಡ ಚಂದ್ರಶೇಖರ್

ಮಕ್ಕಳೇ, ಅಂಗಡಿಯಲ್ಲಿ ಕ್ಯಾಲ್ಕುಲೇಟರ್ ನೋಡಿದ್ದೀರಲ್ಲವೆ? ಅದರಲ್ಲಿ ಕಪ್ಪು ಅಂಕಿಗಳನ್ನು ಮೂಡಿಸುವುದು ಶಾಯಿಯಲ್ಲ, ದ್ರವ ಸ್ಫಟಿಕ. ಇದು ನೀರಿನಂತೆ ಹರಿಯುತ್ತದೆ. ಆದರೂ ಅದರ ಅಣುಗಳಲ್ಲಿ ಹರಳಿನಲ್ಲಿರುವಂತಹ ಶಿಸ್ತು ಇರುತ್ತದೆ. ಗಾಳಿ ಬೀಸಿದಾಗ ಹಚ್ಚೊಳ್ಳಿಯ ಗದ್ದೆಗಳಲ್ಲಿ ಭತ್ತದ ಪೈರೆಲ್ಲ ಒಂದೇ ಕಡೆಗೆ ಬಾಗುವುದನ್ನು ನೆನೆಯಿರಿ. ಕಡ್ಡಿಯಂತಹ ಈ ಅಣುಗಳೂ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಆದರೆ ಪೈರಿನಂತೆ ಬೇರೂರುವುದಿಲ್ಲ, ಅತ್ತಿತ್ತ ಸರಿದಾಡುತ್ತಿರುತ್ತವೆ.

ಇಂತಹ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್. ಅದರ ಅಧ್ಯಯನಕ್ಕೆ ಹೊಸ ದಾರಿ ತೆರೆದವರು ನಮ್ಮ ಬೆಂಗಳೂರಿನಲ್ಲಿ ದುಡಿದ ಶಿವರಾಮಕೃಷ್ಣ ಚಂದ್ರಶೇಖರ್. ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರೇ ಬೇರೆ.

ಇವರು ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತೆಯಲ್ಲಿ. ಸರ್ ಸಿ.ವಿ. ರಾಮನ್ ಇವರ ಸೋದರಮಾವ. ನಾಗಪುರದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಮಾವನ ಬಳಿಯೇ ಸಂಶೋಧನೆ ಕಲಿತರು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿಯೇ ಉಳಿಯಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾದರು. 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಮರಳಿ, ದ್ರವ ಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು.

ಆಗ ಎಲ್ಲರೂ ಒಂದು ಮಾತನ್ನು ನಂಬಿದ್ದರು. ಕಡ್ಡಿಯಂತಹ ಉದ್ದನೆಯ ಅಣುಗಳಿಂದ ಮಾತ್ರ ದ್ರವ ಸ್ಫಟಿಕ ಆಗುತ್ತದೆ ಎಂಬುದೇ ಆ ನಂಬಿಕೆ. ಹಾಗಾದರೆ ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳಿಂದ ಏಕೆ ಆಗಬಾರದು? ಚಂದ್ರಶೇಖರ್ ಇದನ್ನು ಪರೀಕ್ಷಿಸಲು ಹೊರಟರು. ಊಹೆ ತಪ್ಪಾಗಿದ್ದರೆ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ! ಸಹೋದ್ಯೋಗಿಗಳಾದ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಜೊತೆ ಸೇರಿ ಅಂತಹ ಅಣುಗಳ ವಸ್ತುವನ್ನು ಎಕ್ಸ್ ಕಿರಣಗಳಿಂದ ಪರೀಕ್ಷಿಸಿದರು. ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿಗಳಂತೆ ಅಣುಗಳು ಒಂದರ ಮೇಲೊಂದು ಕಂಬವಾಗಿ ನಿಂತಿದ್ದವು! 1977ರಲ್ಲಿ ಈ ಸಂಗತಿ ನಮ್ಮ ದೇಶದ್ದೇ ಆದ 'ಪ್ರಮಾಣ' ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 90 ವರ್ಷಗಳ ನಂಬಿಕೆ ಬದಲಾಯಿತು. ಮುಂದೆ, ಪಕ್ಕದಿಂದ ನೋಡಿದರೂ ಚಿತ್ರ ಚೆನ್ನಾಗಿ ಕಾಣಲೆಂದು ಎಲ್.ಸಿ.ಡಿ. ಪರದೆಗಳ ಪದರದಲ್ಲಿ ಇಂತಹ ಬಿಲ್ಲೆ ಅಣುಗಳನ್ನು ಬಳಸಿದರು.

ದ್ರವ ಸ್ಫಟಿಕದಿಂದ ಪ್ರೋಟೀನುಗಳ ಪತ್ತೆಯೂ ಸಾಧ್ಯ. ಹೇಗೆ ಗೊತ್ತೆ? ಒಂದು ಬಗೆಯ ಪ್ರೋಟೀನನ್ನು ಮಾತ್ರ ಹಿಡಿಯುವ ಲೇಪವನ್ನು ಗಾಜಿನ ಮೇಲೆ ಹಚ್ಚುತ್ತಾರೆ. ಮಾದರಿಯಲ್ಲಿ ಆ ಪ್ರೋಟೀನು ಇದ್ದರೆ ಅಲ್ಲಿ ಅಂಟಿಕೊಳ್ಳುತ್ತದೆ. ಆಗ ಅದರ ಮೇಲಿರುವ ದ್ರವ ಸ್ಫಟಿಕದ ಅಣುಗಳ ಸಾಲು ಕೆಡುತ್ತದೆ. ಅಡ್ಡಡ್ಡವಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಕತ್ತಲೆಯಾಗಿದ್ದ ಜಾಗ ಬೆಳಗುತ್ತದೆ. ಕಣ್ಣಿಗೆ ಕಾಣದ ಪ್ರೋಟೀನು ಹೀಗೆ ಬೆಳಕಿನಿಂದ ಸಿಕ್ಕಿಬೀಳುತ್ತದೆ. ರೋಗ ಪತ್ತೆಗೆ ನೆರವಾಗುವ ಇಂತಹ ಸಂವೇದಕಗಳ ಮೇಲೆ ಸಂಶೋಧನೆ ನಡೆಯುತ್ತಿದೆ.

ನಿವೃತ್ತಿಯ ನಂತರವೂ ಚಂದ್ರಶೇಖರ್ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 1998ರಲ್ಲಿ ಪದ್ಮಭೂಷಣ ಪಡೆದ ಅವರು 2004ರ ಮಾರ್ಚ್ 8ರಂದು ತೀರಿಕೊಂಡರು.

ಮಾಡಿ ನೋಡಿ: ಪೋಲರಾಯ್ಡ್ ಕನ್ನಡಕ ಸಿಕ್ಕರೆ ಅದರ ಮೂಲಕ ಕ್ಯಾಲ್ಕುಲೇಟರಿನ ಪರದೆ ನೋಡುತ್ತಾ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಪರದೆಯಲ್ಲಿ ಏನಾಯಿತು? ಏಕೆ ಹಾಗಾಯಿತು? ಎಲ್ಲರೂ ಒಪ್ಪಿದ ಮಾತನ್ನೂ ಹೀಗೆ ಪ್ರಶ್ನಿಸಿದ್ದರಿಂದಲೇ ಚಂದ್ರಶೇಖರ್ ಹೊಸದನ್ನು ಕಂಡರು. ನೀವೂ ಕೇಳಿ, ಪರೀಕ್ಷಿಸಿ.