ಫ್ರಾನ್ಸಿಸ್ ಬುಕಾನನ್

ಫ್ರಾನ್ಸಿಸ್ ಬುಕಾನನ್ (15 ಫೆಬ್ರವರಿ 1762 – 15 ಜೂನ್ 1829) ಸ್ಕಾಟ್ಲೆಂಡಿನ ವೈದ್ಯರು, ಸಸ್ಯಶಾಸ್ತ್ರಜ್ಞರು ಹಾಗೂ ಪ್ರವಾಸಿ. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಇವರು ಕೈಗೊಂಡ ಪ್ರಯಾಣದ ದಿನಚರಿಯು ತುಳುನಾಡಿನ ಗ್ರಾಮಜೀವನವನ್ನು ತಿಳಿಯಲು ಮುಖ್ಯ ಆಕರವಾಗಿದೆ.

ಆರಂಭದ ಬದುಕು

ಇವರು ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪಡೆದು, ಕೆಲಕಾಲ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷ ಬರ್ಮಾಕ್ಕೆ ಹೋದ ರಾಯಭಾರದ ತಂಡದಲ್ಲಿಯೂ ಇದ್ದರು.

ತುಳುನಾಡಿನಲ್ಲಿ

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ, ಹೊಸದಾಗಿ ಕೈಸೇರಿದ ಪ್ರದೇಶಗಳ ಬೇಸಾಯ, ಕೈಗಾರಿಕೆ, ವ್ಯಾಪಾರ, ಜನಜೀವನಗಳ ಸಮೀಕ್ಷೆಯನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ ಇವರಿಗೆ ವಹಿಸಿದನು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಆರಂಭದಲ್ಲಿ ಕಾಸರಗೋಡಿನ ಕಡೆಯಿಂದ ಕನ್ನಡ ಜಿಲ್ಲೆಯನ್ನು ಪ್ರವೇಶಿಸಿದರು. ಮಂಗಳೂರಿನಿಂದ ನೇತ್ರಾವತಿಯ ದಾರಿ ಹಿಡಿದಾಗ, ಟಿಪ್ಪುವಿನ ಕಾಲದಲ್ಲಿ ಹಾಳಾದ ಕೊಂಕಣಿ ಕ್ರೈಸ್ತರ ಊರು ಫರಂಗಿಪೇಟೆ ಎದುರಾಯಿತು. ಬಂಟ್ವಾಳವನ್ನು ದಾಟಿ ಇವರು ಬೆಳ್ತಂಗಡಿಯ ಸೀಮೆಗೆ ಬಂದರು. ಒಂದೇ ಕಿರಿದಾದ ದಾರಿಯುಳ್ಳ ಜಮಾಲಾಬಾದಿನ ಬಂಡೆಕೋಟೆಯನ್ನು (ಊರವರ ಮಾತಿನಲ್ಲಿ ಗಡಾಯಿಕಲ್ಲು) ಇವರು ವರ್ಣಿಸಿದ್ದಾರೆ. ಆ ಕೋಟೆಯು 1800ರಲ್ಲಿ ಬಂಡುಕೋರರ ವಶವಾಗಿ ಮತ್ತೆ ಕಂಪನಿಯ ಕೈಸೇರಿತ್ತು. ಅಂದರೆ ನಾಡು ಇನ್ನೂ ತಣ್ಣಗಾಗಿರಲಿಲ್ಲ.

ಅಲ್ಲಿಂದ ವೇಣೂರು, ಮೂಡುಬಿದಿರೆ, ಕಾರ್ಕಳಗಳ ಮಾರ್ಗವಾಗಿ ಉಡುಪಿಗೆ ಸಾಗಿದರು. ಬಸದಿಗಳು, ಗೊಮ್ಮಟ ಮೂರ್ತಿಗಳು, ಜೈನರ ಆಚಾರವಿಚಾರಗಳು, ಬಂಟರ ಅಳಿಯಸಂತಾನ ಪದ್ಧತಿ ಇವರ ಗಮನ ಸೆಳೆದವು. ಆದರೆ ಇವರ ಲೇಖನಿ ಹೆಚ್ಚು ಹೊತ್ತು ನಿಲ್ಲುವುದು ಗದ್ದೆಯ ಅಂಚಿನಲ್ಲಿ. ಬೈಲು, ಮಜಲು, ಬೆಟ್ಟು ಎಂಬ ನೆಲದ ವಿಂಗಡಣೆ, ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳು, ಬೀಜ, ಗೇಣಿ, ಕೂಲಿ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡರು. ಜೈನರನ್ನು ಕುರಿತ ಟಿಪ್ಪಣಿಗಳು ಏಷ್ಯಾಟಿಕ್ ರಿಸರ್ಚಸ್ ಸಂಪುಟದಲ್ಲಿ ಬೇರೆಯಾಗಿಯೂ ಅಚ್ಚಾದವು.

ಈ ದಾಖಲೆಯನ್ನು ಎಚ್ಚರದಿಂದಲೇ ಓದಬೇಕು. ಬುಕಾನನ್ ದುಭಾಷಿಗಳನ್ನು ನೆಚ್ಚಿದ್ದವರು. ಬ್ರಾಹ್ಮಣರ ಬಗೆಗೆ ಅವರಿಗೆ ಪೂರ್ವಗ್ರಹವಿತ್ತು. ಥಾಮಸ್ ಮನ್ರೋ ಕಂದಾಯ ನಿಗದಿ ಮಾಡಿ ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಕಂಪನಿಯ ಸಾಹೇಬನೊಬ್ಬನು ಬಂದು ಮುಡಿಗಟ್ಟಲೆ ಭತ್ತದ ಲೆಕ್ಕ ಕೇಳಿದರೆ ಒಕ್ಕಲಿಗನು ಹೇಳಿದ್ದೆಷ್ಟು, ಮುಚ್ಚಿಟ್ಟದ್ದೆಷ್ಟು? ರೈತರ ಉತ್ತರಗಳನ್ನು ಬುಕಾನನ್ನರೇ ಹಲವೆಡೆ ಶಂಕಿಸಿದ್ದಾರೆ. ಊರಿನ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿರುವುದರಿಂದ ವೇಣೂರು ಅವರ ಪುಸ್ತಕದಲ್ಲಿ ಐನೂರು ಆಗಿದೆ; ಹುಡುಕುವವರು ಇದನ್ನು ನೆನಪಿನಲ್ಲಿಡಬೇಕು.

ಅನಂತರದ ವರ್ಷಗಳು

1801ರ ಜುಲೈನಲ್ಲಿ ಪ್ರವಾಸ ಮುಗಿಯಿತು. ದಿನಚರಿಯ ರೂಪದಲ್ಲಿಯೇ ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮುಂದೆ ನೇಪಾಳಕ್ಕೆ ಹೋಗಿಬಂದ ಬುಕಾನನ್, 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸಮೀಕ್ಷೆ ನಡೆಸಿ, ಕಲ್ಕತ್ತೆಯ ಸಸ್ಯೋದ್ಯಾನದ ಹೊಣೆಯನ್ನೂ ಹೊತ್ತರು. ಸ್ವದೇಶಕ್ಕೆ ಮರಳಿದ ಮೇಲೆ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದರು. ಗಂಗಾನದಿಯ ಮೀನುಗಳನ್ನು ಕುರಿತ ಇವರ ಗ್ರಂಥ 1822ರಲ್ಲಿ ಹೊರಬಂದಿತು. ಚಾರೋಲಿ ಮರವು ಸೇರಿರುವ ಸಸ್ಯಕುಲಕ್ಕೆ ಇವರ ಗೌರವಾರ್ಥ ಬುಕಾನನಿಯ ಎಂದು ಹೆಸರಿಡಲಾಗಿದೆ.